ಎರಿಸ್: ವೇಗದ ಮಿತಿಯಲ್ಲಿ ತಪ್ಪಿಸಿಕೊಂಡಿದ್ದ ಕುಬ್ಜಗ್ರಹ

ಎರಿಸ್ ನೆಪ್ಚೂನ್ ಆಚೆ ಸೂರ್ಯನನ್ನು ಸುತ್ತುವ ಒಂದು ಕುಬ್ಜಗ್ರಹ. ಅದರ ಹೆಸರು ಬಂದಾಗಲೆಲ್ಲ ಮಾತು ಪ್ಲೂಟೊ ಕಡೆಗೆ ಹೊರಳಿಬಿಡುತ್ತದೆ. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮತ ಹಾಕಿ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟಿತು, ಆಗ ಪ್ಲೂಟೊಗಿಂತ ದೊಡ್ಡದು ಎಂದುಕೊಂಡಿದ್ದ ಎರಿಸ್ ಅದಕ್ಕೆ ಕಾರಣವಾಯಿತು ಎಂದು ಹೇಳಿ ಮುಗಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಎರಿಸ್ ಬಗ್ಗೆ ತಿಳಿಯಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚಿದೆ. ಈವರೆಗೆ ಯಾವ ನೌಕೆಯೂ ಅದರ ಬಳಿ ಹೋಗಿಲ್ಲ. ದೊಡ್ಡ ದೂರದರ್ಶಕಗಳಲ್ಲೂ ಅದು ಒಂದು ಚುಕ್ಕಿ ಅಷ್ಟೆ. ಆ ಒಂದು ಚುಕ್ಕಿಯಿಂದ ದೂರ, ವ್ಯಾಸ, ದ್ರವ್ಯರಾಶಿ, ಒಳಗೆ ಎಷ್ಟು ಬಂಡೆ, ದಿನ ಎಷ್ಟು ಉದ್ದ ಎಂಬುದನ್ನೆಲ್ಲ ಹೊರತೆಗೆದಿದ್ದಾರೆ. ಹೇಗೆ ತೆಗೆದರು, ಎಲ್ಲಿ ಲೆಕ್ಕ ತಪ್ಪಿತು, ಯಾಕೆ ತಪ್ಪಿತು ಎಂಬುದನ್ನು ತಿಳಿದುಕೊಂಡರೆ ಆ ಅಂಕಿಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು ಎನ್ನುವುದೂ ಗೊತ್ತಾಗುತ್ತದೆ.

ಎರಿಸ್ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದ 48 ಇಂಚಿನ ಸ್ಯಾಮ್ಯುಯೆಲ್ ಆಶಿನ್ ದೂರದರ್ಶಕದಲ್ಲಿ. ಚಿತ್ರ ತೆಗೆದದ್ದು 2003ರ ಅಕ್ಟೋಬರ್ 21ರಂದು. ಅದರಲ್ಲಿ ಎರಿಸ್ ಇದೆ ಎಂದು ಗೊತ್ತಾದದ್ದು 2005ರ ಜನವರಿ 5ರಂದು. ನಡುವೆ ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅದು ಕಂಪ್ಯೂಟರಿನಲ್ಲೇ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಸುಕಾಗಿತ್ತು ಎಂಬ ಕಾರಣಕ್ಕಲ್ಲ. ಅದರ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) ಸುಮಾರು 18.7, ಆ ಸಮೀಕ್ಷೆ ಇದಕ್ಕಿಂತ ಮಂಕಾದ ಕಾಯಗಳನ್ನೂ ಸಲೀಸಾಗಿ ಹಿಡಿಯುತ್ತಿತ್ತು. ತಪ್ಪಿಸಿಕೊಂಡದ್ದು ಅದರ ನಿಧಾನ ನಡೆಯಿಂದ.

ಮೈಕ್ ಬ್ರೌನ್, ಚ್ಯಾಡ್ ಟ್ರೂಹಿಯೊ, ಡೇವಿಡ್ ರಾಬಿನೋವಿಟ್ಜ್ ಅವರ ತಂಡ ಆಕಾಶದ ಒಂದೊಂದು ತುಂಡನ್ನೂ ಒಂದೂವರೆ ಗಂಟೆಯ ಅಂತರದಲ್ಲಿ ಮೂರು ಸಲ ಚಿತ್ರಿಸುತ್ತಿತ್ತು. ನಕ್ಷತ್ರಗಳು ಮೂರರಲ್ಲೂ ಇದ್ದಲ್ಲೇ ಇರುತ್ತವೆ. ಸೌರವ್ಯೂಹದ ಕಾಯ ಒಂದು ನೇರ ಗೆರೆಯಲ್ಲಿ ಸಮನಾಗಿ ಸರಿದಿರುತ್ತದೆ. ಹೀಗೆ ಸರಿದದ್ದನ್ನು ತಂತ್ರಾಂಶ ಗುರುತಿಸಿ ಕೊಡುತ್ತಿತ್ತು, ಕೊನೆಗೆ ಮನುಷ್ಯರು ಒಂದೊಂದಾಗಿ ನೋಡಿ ನಿರ್ಧರಿಸುತ್ತಿದ್ದರು.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿಕೊಂಡರೆ ಮುಂದಿನದ್ದೆಲ್ಲ ಸುಲಭ. ಇಂಥ ದೂರದ ಕಾಯ ಸರಿದಂತೆ ಕಾಣುವುದು ಬಹುಪಾಲು ಭೂಮಿ ಓಡುತ್ತಿರುವುದರಿಂದ. ಭೂಮಿಯ ವೇಗ ಸೆಕೆಂಡಿಗೆ 29.8 ಕಿ.ಮೀ., ಅಂದರೆ ಗಂಟೆಗೆ ಸುಮಾರು 1,07,000 ಕಿ.ಮೀ. ಕಾಯವು ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ ಇರುವಾಗ, ಭೂಮಿಯಿಂದ ಅದಕ್ಕಿರುವ ದೂರವನ್ನು ಖಗೋಳಮಾನದಲ್ಲಿ ಹಾಕಿ 148ನ್ನು ಅದರಿಂದ ಭಾಗಿಸಿದರೆ ಅದು ಗಂಟೆಗೆ ಎಷ್ಟು ಆರ್ಕ್‌ಸೆಕೆಂಡ್ ಸರಿಯುತ್ತದೆ ಎಂಬುದು ಬರುತ್ತದೆ. ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು. ಒಂದು ಖಗೋಳಮಾನವೆಂದರೆ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ, ಸುಮಾರು 15 ಕೋಟಿ ಕಿ.ಮೀ. ಆಗ ಎರಿಸ್ ಸೂರ್ಯನಿಂದ 97 ಖಗೋಳಮಾನ ದೂರದಲ್ಲಿತ್ತು, ನಮ್ಮಿಂದ 96. 148ನ್ನು 96ರಿಂದ ಭಾಗಿಸಿದರೆ 1.54. ಎರಿಸ್ ಕೂಡ ಸೆಕೆಂಡಿಗೆ 2.3 ಕಿ.ಮೀ. ವೇಗದಲ್ಲಿ ತನ್ನ ದಾರಿಯಲ್ಲಿ ಸಾಗುತ್ತಿರುವುದರಿಂದ ಸುಮಾರು 0.12 ಕಳೆಯಬೇಕು. ಉಳಿಯುವುದು 1.42.

ತಂತ್ರಾಂಶಕ್ಕೆ ಹಾಕಿದ್ದ ಕೆಳಮಿತಿ ಗಂಟೆಗೆ 1.5 ಆರ್ಕ್‌ಸೆಕೆಂಡ್.

ಮಿತಿ ಹಾಕಿದ್ದು ಉದಾಸೀನದಿಂದಲ್ಲ. ಆ ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು 0.9 ಆರ್ಕ್‌ಸೆಕೆಂಡ್ ಆವರಿಸುತ್ತದೆ. ಎರಡು ಚಿತ್ರಗಳ ನಡುವಿನ ಒಂದೂವರೆ ಗಂಟೆಯಲ್ಲಿ ಎರಿಸ್ ಸರಿಯುವುದು ಎರಡೂವರೆ ಪಿಕ್ಸೆಲ್‌ಗಿಂತ ಕಡಿಮೆ. ಗಾಳಿಯ ಅಲುಗಾಟದಲ್ಲಿ ನಕ್ಷತ್ರದ ಚುಕ್ಕಿಯೇ ಎರಡು ಮೂರು ಪಿಕ್ಸೆಲ್ ಹರಡಿಕೊಂಡಿರುತ್ತದೆ. ಒತ್ತೊತ್ತಾಗಿರುವ ಎರಡು ನಕ್ಷತ್ರಗಳು ಒಂದು ಚಿತ್ರದಲ್ಲಿ ಸ್ವಲ್ಪ ಈಚೆಗೆ, ಇನ್ನೊಂದರಲ್ಲಿ ಸ್ವಲ್ಪ ಆಚೆಗೆ ವಾಲಿದಂತೆ ಕಂಡರೆ ಸಾಕು, ತಂತ್ರಾಂಶ ಅದನ್ನೂ ಚಲನೆ ಎಂದೇ ಎಣಿಸುತ್ತದೆ. ವೇಗದ ಮಿತಿ ಇಳಿಸುತ್ತಾ ಹೋದಂತೆ ಇಂಥ ಸುಳ್ಳು ಗುರುತುಗಳು ರಾಶಿ ಬೀಳುತ್ತವೆ, ನೋಡುವವರು ಸೋತುಹೋಗುತ್ತಾರೆ. ಆಗ ಗೊತ್ತಿದ್ದ ಕೈಪರ್ ಪಟ್ಟಿಯ (ನೆಪ್ಚೂನ್ ಆಚೆ ಮಂಜುಗಡ್ಡೆಯ ಕಾಯಗಳು ಸುತ್ತುವ ವಲಯ) ಕಾಯಗಳಲ್ಲಿ ಬಹುಪಾಲು 50 ಖಗೋಳಮಾನದ ಒಳಗೇ ಸಿಗುತ್ತಿದ್ದವು. ಗಂಟೆಗೆ ಮೂರು ಆರ್ಕ್‌ಸೆಕೆಂಡ್ ಆಸುಪಾಸು ಓಡುವ ಕಾಯಗಳಿಗೆ 1.5ರ ಮಿತಿ ಧಾರಾಳವಾಗಿಯೇ ಇತ್ತು.

2003ರ ನವೆಂಬರ್ 14ರಂದು ಇದೇ ತಂಡಕ್ಕೆ ಸೆಡ್ನಾ ಎಂಬ ಇನ್ನೊಂದು ದೂರದ ಕಾಯ ಸಿಕ್ಕಿತು. ಅದು ಸುಮಾರು 90 ಖಗೋಳಮಾನ ದೂರದಲ್ಲಿ, ಮಿತಿಯ ಅಂಚಿನಲ್ಲೇ ನಡೆಯುತ್ತಿತ್ತು. ಅಂಚಿನಲ್ಲಿ ಒಂದು ಸಿಕ್ಕಿದ ಮೇಲೆ ಅಂಚಿನಾಚೆ ಏನಿದೆ ಎಂದು ನೋಡದೆ ಬಿಡುವಂತಿಲ್ಲ. ತಂಡ ಹಳೆಯ ಚಿತ್ರಗಳನ್ನೆಲ್ಲ ಮಿತಿ ಇಳಿಸಿ ಮತ್ತೆ ಜಾಲಾಡಿತು, ಹಿಂದೆ ಬಿಟ್ಟುಹೋದ ಗುರುತುಗಳನ್ನು ಕಣ್ಣಿನಿಂದಲೇ ಪರಿಶೀಲಿಸಿತು. ಎರಿಸ್ ಸಿಕ್ಕಿದ್ದು ಹಾಗೆ. ಹೊಸ ದೂರದರ್ಶಕ ಬೇಕಾಗಲಿಲ್ಲ, ಹೊಸ ಚಿತ್ರವೂ ಬೇಕಾಗಲಿಲ್ಲ. ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ ಇದೇ.

ಕಕ್ಷೆ ಖಚಿತವಾಗಲು ಕೆಲವು ಗಂಟೆಗಳ ಚಲನೆ ಸಾಲದು. ಆ ಚಲನೆ ದೂರವನ್ನು ಹೇಳುತ್ತದೆಯೇ ಹೊರತು ದಾರಿಯನ್ನಲ್ಲ. ಅದಕ್ಕಾಗಿ ಹಿಂದಿನ ಚಿತ್ರಗಳನ್ನು ಹುಡುಕಬೇಕು. ಎರಿಸ್ 1954ರ ಪಾಲೊಮಾರ್ ಛಾಯಾಚಿತ್ರ ಫಲಕದಲ್ಲೂ ಸಿಕ್ಕಿತು. ಹೀಗೆ ಅರ್ಧ ಶತಮಾನದ ಸ್ಥಾನಗಳು ಕೈಗೆ ಬಂದವು. ಕಕ್ಷೆಯ ಅರ್ಧ ದೀರ್ಘಾಕ್ಷ (ಅದರ ಅತಿ ಉದ್ದದ ಅಳತೆಯ ಅರ್ಧ) ಸುಮಾರು 68 ಖಗೋಳಮಾನ. ಸೂರ್ಯನಿಗೆ ಅತಿ ಹತ್ತಿರ ಬಂದಾಗ 38, ಅತಿ ದೂರ ಹೋದಾಗ 97.5. ಒಂದು ಸುತ್ತಿಗೆ ಸುಮಾರು 560 ವರ್ಷ. ಅತಿ ದೂರದ ಬಿಂದುವನ್ನು ಅದು 1977ರ ಹೊತ್ತಿಗೆ ದಾಟಿದೆ, ಅತಿ ಹತ್ತಿರ ಬರುವುದು 2257ರ ಸುಮಾರಿಗೆ. ಗ್ರಹಗಳು ಸುತ್ತುವ ಸಮತಲಕ್ಕೆ ಇದರ ಕಕ್ಷೆ 44 ಡಿಗ್ರಿ ಓರೆಯಾಗಿದೆ. ಹಿಂದಿನ ಹುಡುಕಾಟಗಳು ಆ ಸಮತಲದ ಆಸುಪಾಸಿನಲ್ಲೇ ಹೆಚ್ಚು ನಡೆದದ್ದರಿಂದ ಎರಿಸ್ ಅವುಗಳ ಬಲೆಯಿಂದಲೂ ಹೊರಗುಳಿಯಿತು.

2005ರ ಜುಲೈ 29ರಂದು ಆವಿಷ್ಕಾರ ಪ್ರಕಟವಾಯಿತು. ತಾತ್ಕಾಲಿಕ ಗುರುತು 2003 ಯುಬಿ 313, ತಂಡದೊಳಗಿನ ಅಡ್ಡಹೆಸರು ಝೀನಾ. 2006ರ ಸೆಪ್ಟೆಂಬರ್‌ನಲ್ಲಿ ಕಲಹದ ಗ್ರೀಕ್ ದೇವತೆಯ ಹೆಸರು ಅಧಿಕೃತವಾಯಿತು, ಕ್ರಮಸಂಖ್ಯೆ 136199.

ಇನ್ನು ವ್ಯಾಸದ ವಿಷಯ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಎಡವಟ್ಟುಗಳೆಲ್ಲ ಇರುವುದು ಇಲ್ಲೇ. ಚುಕ್ಕಿಯ ಹೊಳಪು ಎರಡು ಸಂಗತಿಗಳಿಂದ ಬರುತ್ತದೆ: ಮೇಲ್ಮೈ ಎಷ್ಟು ಅಗಲ, ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಹಿಂದಿರುಗಿಸುತ್ತದೆ. ಕಪ್ಪಗಿನ ದೊಡ್ಡ ಕಾಯವೂ ಬೆಳ್ಳಗಿನ ಚಿಕ್ಕ ಕಾಯವೂ ಒಂದೇ ಥರ ಹೊಳೆಯಬಹುದು. ಇವೆರಡನ್ನು ಬಿಡಿಸುವವರೆಗೆ ಹೊಳಪಿನಿಂದ ವ್ಯಾಸ ಹೇಳಲು ಆಗುವುದಿಲ್ಲ.

ಒಂದು ದಾರಿ, ಕಾಯ ಹೊರಸೂಸುವ ಶಾಖವನ್ನು ಅಳೆಯುವುದು. ಬೆಳಕನ್ನು ಹಿಂದಿರುಗಿಸದೆ ಹೀರಿಕೊಂಡದ್ದು ಶಾಖವಾಗಿ ಹೊರಬರಲೇಬೇಕು. ಸ್ಪೇನ್‌ನಲ್ಲಿರುವ ಐರಾಮ್‌ನ 30 ಮೀಟರ್ ರೇಡಿಯೊ ದೂರದರ್ಶಕದಲ್ಲಿ 1.2 ಮಿಲಿಮೀಟರ್ ತರಂಗಾಂತರದ ಶಾಖ ಅಳೆದು 2006ರಲ್ಲಿ ಕೊಟ್ಟ ವ್ಯಾಸ 3,000 ಕಿ.ಮೀ., 300ರಷ್ಟು ಹೆಚ್ಚು ಕಡಿಮೆ. ಈ ವಿಧಾನಕ್ಕೆ ಮೇಲ್ಮೈ ಉಷ್ಣತೆಯ ಮಾದರಿ ಬೇಕು. ಕಾಯ ಎಷ್ಟು ವೇಗವಾಗಿ ತಿರುಗುತ್ತದೆ, ಯಾವ ಧ್ರುವ ಸೂರ್ಯನತ್ತ ವಾಲಿದೆ ಎಂದು ಊಹಿಸಿಕೊಳ್ಳಬೇಕು. ಅದರ ಮೇಲೆ ಎರಿಸ್‌ಗೆ ಕಪ್ಪಗಿನ ಒಂದು ಉಪಗ್ರಹವಿದೆ. ಕಪ್ಪು ಮೇಲ್ಮೈ ಹೆಚ್ಚು ಬಿಸಿಯಾಗುತ್ತದೆ, ಅದರ ಶಾಖವೂ ಅದೇ ಸಂಕೇತದಲ್ಲಿ ಬೆರೆತು ಬರುತ್ತದೆ.

ಎರಡನೆಯದು, ಹಬಲ್ ದೂರದರ್ಶಕದಲ್ಲಿ ನೇರವಾಗಿ ಅಳೆಯುವುದು. ಎರಿಸ್‌ನ ಬಿಲ್ಲೆ ಆಕಾಶದಲ್ಲಿ 0.034 ಆರ್ಕ್‌ಸೆಕೆಂಡ್ ಅಗಲ. ಮೈಸೂರಿನಲ್ಲಿಟ್ಟ ಒಂದು ರೂಪಾಯಿ ನಾಣ್ಯವನ್ನು ಬೆಂಗಳೂರಿನಿಂದ ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಕಾಣಬೇಕು. ಹಬಲ್ ಕ್ಯಾಮೆರಾದಲ್ಲೂ ಅದು ಒಂದೆರಡು ಪಿಕ್ಸೆಲ್ ಅಷ್ಟೆ. ಒಂದು ನಕ್ಷತ್ರ ಅದೇ ಕ್ಯಾಮೆರಾದಲ್ಲಿ ಎಷ್ಟು ಹರಡುತ್ತದೆ ಎಂಬುದಕ್ಕೆ ಹೋಲಿಸಿ, ಎರಿಸ್ ಅದಕ್ಕಿಂತ ಎಷ್ಟು ಹೆಚ್ಚು ಹರಡಿದೆ ಎಂದು ನೋಡಿ ತೆಗೆದ ಅಂಕಿ 2,400 ಕಿ.ಮೀ., 100ರಷ್ಟು ಹೆಚ್ಚು ಕಡಿಮೆ.

ಮೂರನೆಯದು ಎಲ್ಲಕ್ಕಿಂತ ನಿಖರ, ಎಲ್ಲಕ್ಕಿಂತ ಕಷ್ಟ. ಎರಿಸ್ ಒಂದು ದೂರದ ನಕ್ಷತ್ರದ ಮುಂದೆ ಹಾದುಹೋಗುವಾಗ ಆ ನಕ್ಷತ್ರ ಎಷ್ಟು ಸೆಕೆಂಡ್ ಮರೆಯಾಗುತ್ತದೆ ಎಂದು ಅಳೆಯುವುದು. ನೆರಳಿನ ವೇಗ ಗೊತ್ತಿರುವುದರಿಂದ ಸೆಕೆಂಡುಗಳು ನೇರವಾಗಿ ಕಿಲೋಮೀಟರ್ ಆಗುತ್ತವೆ. ಕಷ್ಟ ಇರುವುದು ನೆರಳು ಭೂಮಿಯ ಮೇಲೆ ಎಲ್ಲಿ ಬೀಳುತ್ತದೆ ಎಂದು ಮುಂಚೆಯೇ ಹೇಳುವುದರಲ್ಲಿ. ನಕ್ಷತ್ರದ ಅಥವಾ ಎರಿಸ್‌ನ ಸ್ಥಾನದಲ್ಲಿ 0.01 ಆರ್ಕ್‌ಸೆಕೆಂಡ್ ತಪ್ಪಿದರೆ ನೆರಳು 700 ಕಿ.ಮೀ. ಆಚೆ ಬೀಳುತ್ತದೆ. 2010ರ ನವೆಂಬರ್ 6ರ ಘಟನೆಗೆ 26 ಕಡೆಗಳಲ್ಲಿ ಪ್ರಯತ್ನ ನಡೆಯಿತು. ಸಿಕ್ಕಿದ್ದು ಎರಡೇ ಜಾಗದಲ್ಲಿ, ಎರಡೂ ಚಿಲಿಯಲ್ಲಿ: ಲಾ ಸಿಲ್ಲಾದ ಟ್ರ್ಯಾಪಿಸ್ಟ್ ದೂರದರ್ಶಕ ಮತ್ತು ಸಾನ್ ಪೆಡ್ರೊ ದೆ ಅಟಕಾಮಾದ ದೂರದರ್ಶಕಗಳು. ಬ್ರೂನೊ ಸಿಕಾರ್ಡಿ ನೇತೃತ್ವದ ತಂಡ 2011ರಲ್ಲಿ ಪ್ರಕಟಿಸಿದ ವ್ಯಾಸ 2,326 ಕಿ.ಮೀ., 12ರಷ್ಟು ಹೆಚ್ಚು ಕಡಿಮೆ.

ಈ 12ರ ಬಗ್ಗೆ ಒಂದು ಮಾತು. ಎರಡು ಜಾಗದಿಂದ ಅಂಚಿನ ನಾಲ್ಕು ಬಿಂದುಗಳು ಸಿಗುತ್ತವೆ. ವೃತ್ತ ಎಳೆಯಲು ಮೂರು ಬಿಂದು ಸಾಕು, ದೀರ್ಘವೃತ್ತಕ್ಕೆ ಐದು ಬೇಕು. ಹಾಗಾಗಿ 2,326 ಎಂಬುದು ಎರಿಸ್ ದುಂಡಗಿದೆ ಎಂದು ಒಪ್ಪಿಕೊಂಡರೆ ಮಾತ್ರ ಬರುವ ಅಂಕಿ. ಇಷ್ಟು ದೊಡ್ಡ ಕಾಯ ತನ್ನ ಗುರುತ್ವದಿಂದಲೇ ದುಂಡಗಾಗುತ್ತದೆ, ವೇಗವಾಗಿ ತಿರುಗಿದರೆ ಮಾತ್ರ ಚಪ್ಪಟೆಯಾಗುತ್ತದೆ. ಎರಿಸ್ ಬಹಳ ನಿಧಾನವಾಗಿ ತಿರುಗುತ್ತದೆ ಎಂದು ಆಮೇಲೆ ಗೊತ್ತಾದ ಕಾರಣ ಈ ಒಪ್ಪಿಗೆಗೆ ಗಟ್ಟಿ ಆಧಾರ ಸಿಕ್ಕಿತು. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ಬಳಿ ಹಾದು ಅದರ ವ್ಯಾಸ ಸುಮಾರು 2,377 ಕಿ.ಮೀ. ಎಂದು ತೋರಿಸಿತು. ಅಂದರೆ ಗಾತ್ರದಲ್ಲಿ ಪ್ಲೂಟೊವೇ 50 ಕಿ.ಮೀ. ದೊಡ್ಡದು. 2006ರಲ್ಲಿ ‘ಪ್ಲೂಟೊಗಿಂತ ದೊಡ್ಡದು’ ಎಂದು ಬರೆದದ್ದು ಇವತ್ತಿಗೂ ಹಲವು ಕಡೆ ಹಾಗೇ ಉಳಿದಿದೆ, ಓದುವಾಗ ಗಮನವಿರಲಿ.

ದ್ರವ್ಯರಾಶಿಯಲ್ಲಿ ಮಾತ್ರ ಎರಿಸ್ ಮುಂದೆ, ಈ ಲೆಕ್ಕವನ್ನು ಮನೆಯಲ್ಲೇ ಮಾಡಬಹುದು. 2005ರ ಸೆಪ್ಟೆಂಬರ್‌ನಲ್ಲಿ ಹವಾಯಿಯ ಕೆಕ್ ದೂರದರ್ಶಕದಲ್ಲಿ ಎರಿಸ್‌ನ ಉಪಗ್ರಹ ಡಿಸ್ನೋಮಿಯಾ ಸಿಕ್ಕಿತು. ಅದು 15.77 ದಿನಕ್ಕೊಮ್ಮೆ, ಸುಮಾರು 37,300 ಕಿ.ಮೀ. ದೂರದಲ್ಲಿ ಎರಿಸ್ ಸುತ್ತ ಬರುತ್ತದೆ. ದೂರವನ್ನು ಮೀಟರಿಗೂ ಅವಧಿಯನ್ನು ಸೆಕೆಂಡಿಗೂ ಬದಲಿಸಿಕೊಳ್ಳಿ: 3.73 × 10⁷ ಮೀಟರ್, 1.363 × 10⁶ ಸೆಕೆಂಡ್. ದೂರದ ಘನವನ್ನು 39.48ರಿಂದ (ಅದು ಪೈ ವರ್ಗದ ನಾಲ್ಕು ಪಟ್ಟು) ಗುಣಿಸಿ, ಅವಧಿಯ ವರ್ಗ ಮತ್ತು ಗುರುತ್ವ ಸ್ಥಿರಾಂಕ 6.674 × 10⁻¹¹ ಇವೆರಡರ ಗುಣಲಬ್ಧದಿಂದ ಭಾಗಿಸಿ. ಬರುವುದು 1.65 × 10²² ಕಿಲೋಗ್ರಾಂ. ಪ್ಲೂಟೊದ 1.303 × 10²²ಕ್ಕೆ ಹೋಲಿಸಿದರೆ 27 ಶೇಕಡಾ ಹೆಚ್ಚು. ದಿನವನ್ನು ಸೆಕೆಂಡಿಗೆ ಬದಲಿಸುವುದು ಮರೆತರೆ ಉತ್ತರ ನೂರಾರು ಕೋಟಿ ಪಟ್ಟು ತಪ್ಪುತ್ತದೆ.

ಸಾಂದ್ರತೆಯ ಲೆಕ್ಕದಲ್ಲಿ ವ್ಯಾಸದ ತಪ್ಪು ಎಷ್ಟು ದುಬಾರಿ ಎಂದು ಕಾಣುತ್ತದೆ, ಯಾಕೆಂದರೆ ಗಾತ್ರ ವ್ಯಾಸದ ಘನದಂತೆ ಏರುತ್ತದೆ. ವ್ಯಾಸ 3,000 ಎಂದು ಹಿಡಿದರೆ ಸಾಂದ್ರತೆ ಘನ ಸೆಂಟಿಮೀಟರಿಗೆ 1.2 ಗ್ರಾಂ, ಅಂದರೆ ಬಹುಪಾಲು ಮಂಜುಗಡ್ಡೆಯ ಮುದ್ದೆ. 2,400 ಎಂದು ಹಿಡಿದರೆ ಸುಮಾರು 2.3. 2,326ಕ್ಕೆ 2.5. ಪ್ಲೂಟೊದ ಸಾಂದ್ರತೆ 1.85ರ ಆಸುಪಾಸು. ಎರಿಸ್ ಬಹುಪಾಲು ಬಂಡೆ, ಮೇಲೆ ಮಂಜಿನ ಹೊದಿಕೆ ಎಂಬ ತೀರ್ಮಾನ ನಿಂತಿರುವುದು ಚಿಲಿಯ ಆ ಕೆಲವು ಸೆಕೆಂಡುಗಳ ಕತ್ತಲಿನ ಮೇಲೆ.

ಅದೇ ಕತ್ತಲು ಇನ್ನೂ ಎರಡು ಸಂಗತಿ ಕೊಟ್ಟಿತು. ವ್ಯಾಸ ಚಿಕ್ಕದಾದಷ್ಟೂ ಅಷ್ಟೇ ಹೊಳಪಿಗೆ ಮೇಲ್ಮೈ ಹೆಚ್ಚು ಬೆಳ್ಳಗಿರಬೇಕು. ಎರಿಸ್ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 96 ಶೇಕಡಾ ಹಿಂದಿರುಗಿಸುತ್ತದೆ ಎಂದಾಯಿತು. ಇನ್ನೊಂದು, ನಕ್ಷತ್ರ ಥಟ್ಟನೆ ಆರಿತು, ಥಟ್ಟನೆ ಹೊತ್ತಿಕೊಂಡಿತು. ವಾತಾವರಣವಿದ್ದರೆ ಬೆಳಕು ಬಾಗಿ ನಿಧಾನವಾಗಿ ಇಳಿಯಬೇಕಿತ್ತು. ಸದ್ಯಕ್ಕೆ ಎರಿಸ್‌ಗೆ ಪ್ಲೂಟೊದಂಥ ವಾತಾವರಣ ಇಲ್ಲ.

ಇವೆರಡೂ ಒಂದಕ್ಕೊಂದು ಹೊಂದುತ್ತವೆ. 2005ರಲ್ಲೇ ಜೆಮಿನಿ ಉತ್ತರ ದೂರದರ್ಶಕದ ಅವಗೆಂಪು ರೋಹಿತದಲ್ಲಿ ಎರಿಸ್ ಮೇಲೆ ಮೀಥೇನ್ ಮಂಜು ಕಂಡಿತ್ತು. ಸೂರ್ಯನಿಂದ ಇಷ್ಟು ದೂರದಲ್ಲಿ ಉಷ್ಣತೆ ಮೈನಸ್ 240 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಲಿ ಮೀಥೇನ್, ಸಾರಜನಕ ಎಲ್ಲವೂ ಗಟ್ಟಿಯಾಗಿ ನೆಲಕ್ಕೆ ಕೂರುತ್ತವೆ. ಸೂರ್ಯನ ಹತ್ತಿರ ಬಂದಾಗ ಸಿಗುವ ಬಿಸಿಲು ಅತಿ ದೂರದಲ್ಲಿ ಸಿಗುವುದರ ಆರೂವರೆ ಪಟ್ಟು. ಆಗ ಈ ಮಂಜು ಆವಿಯಾಗಿ ತೆಳು ವಾತಾವರಣವಾಗಬಹುದು, ಮತ್ತೆ ದೂರ ಸರಿದಾಗ ಹೆಪ್ಪುಗಟ್ಟಿ ಹೊಸ ಬಿಳಿ ಹೊದಿಕೆಯಾಗಬಹುದು. ಪ್ಲೂಟೊದಲ್ಲಿ ಕಾಣುವ ಕೆಂಪು ಛಾಯೆ ಎರಿಸ್‌ನಲ್ಲಿ ಕಡಿಮೆ ಇರುವುದಕ್ಕೂ ಇದು ಒಪ್ಪುವ ವಿವರಣೆ: ಕೆಂಪು ಕಲೆಗಳ ಮೇಲೆ ಮಂಜು ಕೂತು ಮುಚ್ಚಿದೆ.

2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಫಲಿತಾಂಶ ಬಂದಾಗ ಮೀಥೇನಿನ ಮೂಲದ ಪ್ರಶ್ನೆಯೇ ಬದಲಾಯಿತು. ಆ ಮೀಥೇನಿನಲ್ಲಿ ಸಾಮಾನ್ಯ ಹೈಡ್ರೋಜನ್‌ಗೆ ಹೋಲಿಸಿದರೆ ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ಎಷ್ಟಿದೆ ಎಂದು ಅಳೆದರು. ಸೌರವ್ಯೂಹ ಹುಟ್ಟುವಾಗಿನ ಮೀಥೇನ್ ಹಾಗೇ ಉಳಿದಿದ್ದರೆ ಧೂಮಕೇತುಗಳಲ್ಲಿ ಕಂಡಂತೆ ಡ್ಯೂಟೀರಿಯಂ ಹೆಚ್ಚಿರಬೇಕಿತ್ತು. ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಬಂಡೆಯ ಒಡಲಿನ ಬಿಸಿಯಲ್ಲಿ ನೀರು ಮತ್ತು ಇಂಗಾಲದ ಸಂಯುಕ್ತಗಳಿಂದ ಮೀಥೇನ್ ತಯಾರಾಗಿ ಮೇಲೆ ಬಂದಿದ್ದರೆ ಈ ಪ್ರಮಾಣ ಹೊಂದುತ್ತದೆ. 2.5ರ ಸಾಂದ್ರತೆ ಹೇಳಿದ ಬಂಡೆಯ ಒಡಲು ಇಲ್ಲಿ ಇನ್ನೊಂದು ದಾರಿಯಿಂದ ಕಾಣಿಸಿಕೊಂಡಿತು.

ದಿನದ ಉದ್ದ ಬಹುಕಾಲ ಗೊಂದಲದಲ್ಲೇ ಇತ್ತು. ತಿರುಗುವ ಕಾಯದಲ್ಲಿ ಕಪ್ಪು ಬಿಳಿ ಕಲೆಗಳಿದ್ದರೆ ಹೊಳಪು ಏರಿಳಿಯುತ್ತದೆ, ಆ ಏರಿಳಿತವೇ ಗಡಿಯಾರ. ಎರಿಸ್ ಎಲ್ಲ ಕಡೆ ಒಂದೇ ಬಿಳುಪು, ಏರಿಳಿತ ಕೆಲವೇ ಶೇಕಡಾ. ಮೊದಮೊದಲು ಸುಮಾರು 26 ಗಂಟೆ ಎಂಬ ಅಂದಾಜು ಬಂದು ಪುಸ್ತಕಗಳಲ್ಲೂ ಕೂತಿತು. 2023ರಲ್ಲಿ ಹಲವು ವರ್ಷಗಳ ಅಳತೆಗಳನ್ನು ಜೋಡಿಸಿ ನೋಡಿದಾಗ ಅವಧಿ 15.8 ದಿನ ಎಂದು ಖಚಿತವಾಯಿತು, ಡಿಸ್ನೋಮಿಯಾ ಸುತ್ತುವಷ್ಟೇ. ಎರಿಸ್ ತನ್ನ ಉಪಗ್ರಹಕ್ಕೆ ಸದಾ ಒಂದೇ ಮುಖ ತೋರಿಸುತ್ತದೆ. ಡಿಸ್ನೋಮಿಯಾ ಸುಮಾರು 600 ರಿಂದ 700 ಕಿ.ಮೀ. ವ್ಯಾಸದ, ಬೆಳಕಿನ ಐದು ಶೇಕಡಾ ಕೂಡ ಸರಿಯಾಗಿ ಹಿಂದಿರುಗಿಸದ ಕಪ್ಪು ಕಾಯ ಎಂದು ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕ ತೋರಿಸಿತ್ತು. ಅಷ್ಟು ಹಗುರಾದ ಉಪಗ್ರಹದ ಎಳೆತಕ್ಕೆ ಸಿಕ್ಕು ಎರಿಸ್‌ನ ತಿರುಗಾಟ ಇಷ್ಟು ನಿಧಾನವಾಗಬೇಕಾದರೆ ಎರಿಸ್ ಒಳಗೆ ಗಟ್ಟಿಯಾಗಿ ಸೆಟೆದುಕೊಂಡಿಲ್ಲ, ಎಳೆತಕ್ಕೆ ಜಗ್ಗಿ ಶಕ್ತಿಯನ್ನು ಶಾಖವಾಗಿ ಕಳೆಯುವ ಮೆತ್ತನೆಯ ಮಂಜಿನ ಪದರ ಅಲ್ಲಿದೆ ಎಂದರ್ಥ.

ಎರಿಸ್ ಅನ್ನು ನೀವೇ ಚಿತ್ರದಲ್ಲಿ ಹಿಡಿಯಬೇಕೆಂದರೆ ಸಾಧ್ಯ. ಕಣ್ಣಿನಿಂದ ನೋಡುವ ಆಸೆ ಬೇಡ, ಕ್ಯಾಮೆರಾ ಬೇಕು. 25 ರಿಂದ 30 ಸೆಂ.ಮೀ. ಕನ್ನಡಿಯ ದೂರದರ್ಶಕ, ನಕ್ಷತ್ರಗಳನ್ನು ಹಿಂಬಾಲಿಸುವ ಒಳ್ಳೆಯ ಮೌಂಟ್, ತಂಪಾಗಿಸಿದ ಕಪ್ಪು-ಬಿಳುಪು ಕ್ಯಾಮೆರಾ, ಊರ ಬೆಳಕಿಲ್ಲದ ಜಾಗ. ಎರಿಸ್ ಈಗ ತಿಮಿಂಗಿಲ ನಕ್ಷತ್ರಪುಂಜದಲ್ಲಿ, ಮೀನ ರಾಶಿಯ ಗಡಿಯ ಬಳಿ, ಖಗೋಳ ಸಮಭಾಜಕಕ್ಕೆ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದ ಗೆರೆ) ಹತ್ತಿರದಲ್ಲಿದೆ. ಕರ್ನಾಟಕದಿಂದ ಅದು ಸುಮಾರು 75 ಡಿಗ್ರಿ ಎತ್ತರಕ್ಕೆ ಏರುತ್ತದೆ, ಈ ವಿಷಯದಲ್ಲಿ ನಾವು ಅದೃಷ್ಟವಂತರು. ಸೂರ್ಯನಿಗೆ ಎದುರಾಗುವುದು ಅಕ್ಟೋಬರ್ ನಡುಭಾಗದಲ್ಲಿ. ಆಗ ಮೋಡದ ಕಾಟವಿದ್ದರೆ ನವೆಂಬರ್, ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸು ಪ್ರಯತ್ನಿಸಬಹುದು.

ಆ ರಾತ್ರಿಯ ಸ್ಥಾನವನ್ನು ಮೈನರ್ ಪ್ಲಾನೆಟ್ ಸೆಂಟರ್ ಅಥವಾ ಜೆಪಿಎಲ್ ಹೊರೈಜನ್ಸ್ ಜಾಲತಾಣದಲ್ಲಿ 136199 ಸಂಖ್ಯೆ ಕೊಟ್ಟು ಪಡೆಯಿರಿ. ನಿಮ್ಮ ಊರಿನ ನಿಖರ ಅಕ್ಷಾಂಶ ಹಾಕದಿದ್ದರೂ 0.1 ಆರ್ಕ್‌ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ, ಕಾಯ ಅಷ್ಟು ದೂರದಲ್ಲಿದೆ. ಎರಡೆರಡು ನಿಮಿಷದ 30 ಚಿತ್ರ ತೆಗೆದು ನಕ್ಷತ್ರಗಳ ಮೇಲೆ ಹೊಂದಿಸಿ ಪೇರಿಸಿ. ಕ್ಷುದ್ರಗ್ರಹಗಳಿಗೆ ಮಾಡುವಂತೆ ಕಾಯದ ಚಲನೆಗೆ ತಕ್ಕ ಹಾಗೆ ಸರಿಸಿ ಪೇರಿಸುವ ಅಗತ್ಯವಿಲ್ಲ. ಒಂದು ಗಂಟೆಯಲ್ಲಿ ಎರಿಸ್ ಸರಿಯುವುದು ಗಾಳಿಯ ಅಲುಗಾಟದಷ್ಟೂ ಅಲ್ಲ. ಪಾಲೊಮಾರ್ ತಂತ್ರಾಂಶಕ್ಕೆ ತೊಡಕಾದ ನಿಧಾನ ನಡೆ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಚಿತ್ರಗಳ ನಡುವೆ ದೂರದರ್ಶಕವನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುತ್ತಿರಿ. ಇಲ್ಲದಿದ್ದರೆ ಕ್ಯಾಮೆರಾದ ಕೆಟ್ಟ ಪಿಕ್ಸೆಲ್ ಒಂದೇ ಕಡೆ ಕೂತು 18ರ ಕಾಂತಿಮಾನದ ಚುಕ್ಕಿಯಂತೆ ಮೋಸ ಮಾಡುತ್ತದೆ.

ಮರುದಿನ ಅದೇ ಜಾಗವನ್ನು ಮತ್ತೆ ಚಿತ್ರಿಸಿ ಎರಡನ್ನೂ ಒಂದಾದ ಮೇಲೊಂದು ಮಿನುಗಿಸಿ ನೋಡಿ. ಅಕ್ಟೋಬರಿನಲ್ಲಾದರೆ ಎರಿಸ್ 34 ಆರ್ಕ್‌ಸೆಕೆಂಡ್ ಆಸುಪಾಸು ಸರಿದಿರುತ್ತದೆ, ಡಿಸೆಂಬರ್ ನಡುಭಾಗದಲ್ಲಾದರೆ ಸುಮಾರು ಅರ್ಧದಷ್ಟು. ಜುಲೈ ಕೊನೆಯಲ್ಲೂ ಜನವರಿ ನಡುಭಾಗದಲ್ಲೂ ಅದು ಹೆಚ್ಚುಕಡಿಮೆ ನಿಂತುಬಿಡುತ್ತದೆ, ಆ ವಾರಗಳಲ್ಲಿ ಪ್ರಯತ್ನಿಸಬೇಡಿ. ಒಂದೇ ರಾತ್ರಿಯಲ್ಲಿ ಗಂಟೆಗೆ ಮೂವತ್ತು ಆರ್ಕ್‌ಸೆಕೆಂಡ್ ಓಡುವುದು ಸಿಕ್ಕರೆ ಅದು ಮಂಗಳ, ಗುರುಗಳ ನಡುವಿನ ಕ್ಷುದ್ರಗ್ರಹ. ಅಕ್ಟೋಬರಿನಲ್ಲಿ ಸರಿದದ್ದನ್ನು ಅಳೆದು ಗಂಟೆಯ ಲೆಕ್ಕಕ್ಕೆ ತಂದು 148ನ್ನು ಅದರಿಂದ ಭಾಗಿಸಿದರೆ ದೂರ 104 ಖಗೋಳಮಾನದ ಹತ್ತಿರ ಬರುತ್ತದೆ. ನಿಜವಾದ ದೂರ 95ರ ಆಸುಪಾಸು. ಆ ಹೆಚ್ಚುವರಿ ಬಂದದ್ದು ಎರಿಸ್‌ನ ಸ್ವಂತ ಚಲನೆಯನ್ನು ಬಿಟ್ಟದ್ದರಿಂದ. ಮೊದಲು ಅಳೆದ ವೇಗಕ್ಕೆ 0.12 ಸೇರಿಸಿಕೊಂಡು ಆಮೇಲೆ ಭಾಗಿಸಿ.